ಪಂಚ್ ಔಟ್ ಆದ ಮೇಲೆ ಮಾಡುವ ಕೆಲಸ ಯಾರ ಲೆಕ್ಕಕ್ಕೆ?

ಓಟಿ, ಅಂದರೆ ಹೆಚ್ಚುವರಿ ಗಂಟೆಯ ಕೂಲಿ, ಅಂತ ಬಾಯಿ ಬಿಟ್ಟರೆ ಸಾಕು, ನಮ್ಮ ಹೋಟೆಲ್ ಮಾಲೀಕರು ಮುಖ ಗಂಟು ಹಾಕಿಕೊಳ್ಳುತ್ತಾರೆ. "ನಾವೆಲ್ಲ ಒಂದೇ ಮನೆಯವರಿದ್ದ ಹಾಗೆ" ಅಂತ ಶುರು ಮಾಡುತ್ತಾರೆ. ಮನೆಯವರಾದರೆ ಲಾಭದಲ್ಲೂ ಪಾಲು ಕೊಡಬೇಕು ಅಲ್ವಾ? ಅದರ ಸುದ್ದಿಯೇ ಇಲ್ಲ.

ಕೊನೆಯ ಗಿರಾಕಿ ಎದ್ದು ಹೋದರೆ ಅಡುಗೆಮನೆಯವರ ಕೆಲಸ ಮುಗಿಯಿತು ಅಂದುಕೊಂಡಿದ್ದಾರೆ ಜನ. ಅಸಲಿ ಕೆಲಸ ಶುರುವಾಗುವುದೇ ಆಗ. ಬರ್ನರ್ ತೂತುಗಳಲ್ಲಿ ಕೂತ ಕರಕಲು ಕೆರೆಯಬೇಕು. ಫ್ರೈಯರ್ ಎಣ್ಣೆ ಆರುವ ತನಕ ಕಾದು ಸೋಸಬೇಕು. ಚಿಮಣಿಯ ಫಿಲ್ಟರ್ ಕಳಚಿ ಬಿಸಿನೀರಲ್ಲಿ ಉಜ್ಜಬೇಕು, ಜಿಡ್ಡು ಮೊಣಕೈ ತನಕ ಇಳಿಯುತ್ತದೆ. ನೆಲ ತೊಳೆದು, ನಾಳೆಗೆ ಬೇಕಾದ್ದು ಹೆಚ್ಚಿಟ್ಟು ಹೊರಡಬೇಕು. ಇಷ್ಟನ್ನೂ ಪಂಚ್ ಔಟ್ ಮಾಡಿದ ಮೇಲೆ, ಅಂದರೆ ಕೆಲಸ ಮುಗಿಸಿ ಹೊರಟೆ ಅಂತ ಹೊತ್ತು ದಾಖಲಿಸಿದ ಮೇಲೆ, ಮಾಡಿ ಅನ್ನುತ್ತಾರೆ! ಅವರ ಲೆಕ್ಕದಲ್ಲಿ ನಾನು ಆಗಲೇ ಮನೆ ಸೇರಿದ್ದೇನೆ, ಫಿಲ್ಟರ್ ತನ್ನಷ್ಟಕ್ಕೆ ತಾನೇ ತೊಳೆದುಕೊಳ್ಳುತ್ತಿದೆ.

ಕೇಳಿದರೆ "ನಿಮ್ಮದು ತಿಂಗಳ ಸಂಬಳ, ಓಟಿ ಬರಲ್ಲ" ಅನ್ನುವ ಉತ್ತರ ರೆಡಿ. ತಿಂಗಳ ಸಂಬಳ ಕೊಟ್ಟ ಮಾತ್ರಕ್ಕೆ ಎಷ್ಟು ಗಂಟೆ ಬೇಕಾದರೂ ದುಡಿಸಬಹುದಾ? ಇನ್ನೊಂದು ಉಪಾಯ ಇದೆ. ತರಕಾರಿ ಹೆಚ್ಚುವವನಿಗೇ ಸೂಪರ್‌ವೈಸರ್ ಅಂತ ಹೆಸರಿಡುವುದು. ಸಂಬಳ ಅದೇ, ಚಾಕು ಅದೇ, ಓಟಿ ಮಾತ್ರ ಮಾಯ. ನಡುವೆ ಬಿಡುವು ಕೊಟ್ಟು ಅದೇ ದಿನ ಮತ್ತೆ ಕರೆಯುವ ಬ್ರೇಕ್ ಶಿಫ್ಟಿನ ಕಥೆ ಬೇರೆ. ಅದನ್ನು ಬರೆಯಲು ಕೂತರೆ ಬೆಳಗಾಗುತ್ತದೆ.

ನಮ್ಮನ್ನು ಹೊರಗಿಡುವುದು ಹಳೇ ಚಾಳಿ. ದಿನಕ್ಕೆ 8 ಗಂಟೆ, ವಾರಕ್ಕೆ 48 ಗಂಟೆ ಅಂತ ಅಂತರರಾಷ್ಟ್ರೀಯ ಕಾರ್ಮಿಕ ಸಂಸ್ಥೆ 1919ರಲ್ಲೇ ಕಾರ್ಖಾನೆ ಕೆಲಸಕ್ಕೆ ಒಪ್ಪಂದ ಮಾಡಿತು. ಹೆಚ್ಚುವರಿ ಗಂಟೆಗೆ ಕನಿಷ್ಠ 1.25 ಪಟ್ಟು ಕೂಲಿ ಅಂತಲೂ ಬರೆಯಿತು. 1930ರಲ್ಲಿ ಅಂಗಡಿ, ಆಫೀಸುಗಳಿಗೂ ಅಂಥದ್ದೇ ಒಪ್ಪಂದ ಬಂತು. ಹೋಟೆಲು, ರೆಸ್ಟೋರೆಂಟುಗಳನ್ನು ಮಾತ್ರ ಹೆಸರು ಹಿಡಿದು ಕೈಬಿಟ್ಟರು! ನಮಗೆಂದೇ ಒಂದು ಒಪ್ಪಂದ ಆಗಲು 1991 ಬರಬೇಕಾಯಿತು. ಟಿಪ್ಸ್ ಎಷ್ಟೇ ಬರಲಿ, ಮೂಲ ಸಂಬಳ ಕೊಡಲೇಬೇಕು ಅಂತ ಅದರಲ್ಲಿದೆ. ಏನು ಪ್ರಯೋಜನ, ಅದನ್ನು ಒಪ್ಪಿಕೊಂಡ ದೇಶಗಳೇ ಕಡಿಮೆ.

ಈಗ ಬಂದ ಹೊತ್ತು, ನಿಜವಾಗಿ ಹೊರಟ ಹೊತ್ತು ಎರಡನ್ನೂ ಒಂದು ಸಣ್ಣ ನೋಟ್‌ಬುಕ್ಕಿನಲ್ಲಿ ಬರೆದಿಡುತ್ತಿದ್ದೇನೆ. ಮೊನ್ನೆ ಮ್ಯಾನೇಜರ್ ಕಣ್ಣಿಗೆ ಬಿತ್ತು. "ಏನಪ್ಪಾ, ಕೇಸ್ ಹಾಕ್ತೀಯಾ?" ಅಂತ ನಕ್ಕರು. ಹಾಕಲ್ಲ ಅಂತ ನಾನೂ ಹೇಳಲಿಲ್ಲ.