ಪುಕ್ಕಟೆ ಟಿಕೆಟ್ಟಿನ ಖರ್ಚು

ಎಫ್‌ಎಂನಲ್ಲಿ ಪ್ರಶ್ನೆ ಬಂತು: ಬೆಂಗಳೂರಿನ ಚೌಡಯ್ಯ ಸ್ಮಾರಕ ಭವನ ಯಾವ ವಾದ್ಯದ ಆಕಾರದಲ್ಲಿದೆ? ಪಿಟೀಲು ಅಂದೆ. ಏಳು ತಂತಿಯದ್ದು ಅಂತಲೂ ಸೇರಿಸಿದೆ, ಅಷ್ಟರಲ್ಲಿ ಆ ಹುಡುಗಿ ‘ಎರಡು ಸಿನಿಮಾ ಟಿಕೆಟ್ ಗೆದ್ರಿ!’ ಅಂತ ಕಿರುಚಿ ಹಾಡು ಹಾಕಿಬಿಟ್ಟಳು.

ಆಮೇಲೆ ಶುರುವಾಯ್ತು ನೋಡಿ. ಟಿಕೆಟ್ ವಾಟ್ಸಾಪಿನಲ್ಲಿ ಕಳಿಸೋಲ್ಲವಂತೆ. ವಾರದ ದಿನ, 11ರಿಂದ 4ರೊಳಗೆ, ಆಧಾರ್ ಜೆರಾಕ್ಸ್ ಹಿಡಿದು ಆಫೀಸಿಗೇ ಹೋಗಬೇಕು. ನಾನಿರೋದು ಕೆಂಗೇರಿ, ಅವರಿರೋದು ಊರಿನ ಆ ತುದಿ. ಅರ್ಧ ದಿನ ರಜೆ ಹಾಕಿ, ಮೆಟ್ರೋ ಹತ್ತಿ, ಆಟೋದವನ ಹತ್ತಿರ ಚೌಕಾಸಿ ಮಾಡಿ ಹೋದರೆ, ಸೆಕ್ಯುರಿಟಿಯವನು ‘ಮೇಡಂ ಊಟಕ್ಕೆ ಹೋಗಿದಾರೆ, ಕೂತ್ಕೊಳಿ’ ಅಂದ. ಕೂತೆ. ಒಂದೂಕಾಲು ಗಂಟೆ. ಅದೆಂಥ ಊಟವೋ, ಬೀಗರೂಟವೇ ಇರಬೇಕು.

ಕೊನೆಗೆ ಸಿಕ್ಕಿದ್ದು ಮಂಗಳವಾರ ಬೆಳಗ್ಗೆ 10ರ ಷೋ, ಪರದೆಗೆ ಮೂಗು ತಾಗುವಂಥ ಮೊದಲ ಸಾಲು. ‘ಕತ್ತು ನೋವಿನ ಮುಲಾಮೂ ಅವರೇ ಕೊಡ್ತಾರಾ ಕೇಳ್ರೀ’ ಅಂದಳು ನಮ್ಮವಳು. ಆಟೋ, ಪಾಪ್‌ಕಾರ್ನ್, ಎರಡು ರಜೆ ಲೆಕ್ಕ ಹಾಕಿದರೆ ಸೋಫಾ ಸೀಟಲ್ಲೇ ಕಾಲು ಚಾಚಿ ನೋಡಬಹುದಿತ್ತು.

ಇಷ್ಟರ ಮೇಲೆ ಪಕ್ಕದ್ಮನೆ ಆಂಟಿ: ‘ಮುಂದಿನ ಸಲ ನಮಗೂ ಎರಡು ಪಾಸ್ ಹೇಳಪ್ಪಾ, ನಿಂಗೆ ಅಲ್ಲೆಲ್ಲ ಗೊತ್ತಲ್ಲ!’