ಮರಿಗಳಿಗೆ ಸಿಗುವ ಕರುಣೆ ತಾಯಿಬೆಕ್ಕಿಗೆ ಯಾಕಿಲ್ಲ?

ಕೋಪ ಇನ್ನೂ ಇಳಿದಿಲ್ಲ, ಆದರೂ ಬರೆದೇಬಿಡುತ್ತೇನೆ. ಬೆಕ್ಕುಗಳ ವಿಷಯದಲ್ಲಿ ನಾನು ಸುಮ್ಮನಿರುವವಳಲ್ಲ ಎಂದು ನಿಮಗೆಲ್ಲ ಗೊತ್ತೇ ಇದೆ.

ಪಕ್ಕದ ಖಾಲಿ ಶೆಡ್ಡಿನಲ್ಲಿ ಬೀದಿಬೆಕ್ಕೊಂದು ಮರಿ ಹಾಕಿತ್ತು. ಇನ್ನೂ ಕಣ್ಣು ಬಿಡದ ಮರಿಗಳು. ಪರಿಚಯದವರೊಬ್ಬರು ಅವನ್ನು ರಟ್ಟಿನ ಪೆಟ್ಟಿಗೆಗೆ ತುಂಬಿಕೊಂಡು ಹೋಗಿ, "ಪಾಪ, ತಾಯಿ ಬಿಟ್ಟುಹೋಗಿದೆ" ಎಂದು ಫೋಟೋ ಹಾಕಿದರು. ಮೆಚ್ಚುಗೆಯೋ ಮೆಚ್ಚುಗೆ. ಅಷ್ಟು ಹೊತ್ತಿಗೆ ತಾಯಿ ವಾಪಸ್ ಬಂದು ಶೆಡ್ಡಿನ ಮೂಲೆ ಮೂಲೆ ಹುಡುಕುತ್ತ ಕೂಗುತ್ತಿತ್ತು. ಆ ಫೋಟೋದ ಕೆಳಗೆ ಒಬ್ಬರಾದರೂ "ತಾಯಿ ಎಲ್ಲಿ?" ಎಂದು ಕೇಳಿರಲಿಲ್ಲ.

ಅದು ಬಿಟ್ಟುಹೋಗಿರಲಿಲ್ಲ, ಹೊಟ್ಟೆಪಾಡಿಗೆ ಹೋಗಿತ್ತು. ಹಾಲೂಡುವ ಬೆಕ್ಕಿಗೆ ಎಂದಿಗಿಂತ ಎರಡು ಮೂರು ಪಟ್ಟು ಆಹಾರ ಬೇಕು. ಬೀದಿಯಲ್ಲಿ ಅಷ್ಟನ್ನು ಹುಡುಕಿಕೊಂಡು ಬರಲು ಗಂಟೆಗಟ್ಟಲೆ ಹಿಡಿಯುತ್ತದೆ. ಮರಿಗಳು ಬೆಚ್ಚಗೆ, ಹೊಟ್ಟೆ ತುಂಬಿ, ಸದ್ದಿಲ್ಲದೆ ಮಲಗಿದ್ದರೆ ತಾಯಿ ಇದೆ ಎಂದೇ ಅರ್ಥ. ಮೈ ತಣ್ಣಗಾಗಿ, ಕೊಳೆಯಾಗಿ, ಬಿಡದೆ ಅರಚುತ್ತಿದ್ದರೆ ಮಾತ್ರ ಗಾಬರಿಪಡಬೇಕು. ಅನುಮಾನ ಬಂದರೆ ಗೂಡಿನ ಸುತ್ತ ತೆಳ್ಳಗೆ ಹಿಟ್ಟು ಉದುರಿಸಿ ದೂರ ಹೋಗಿ. ತಾಯಿ ಬಂದಿದ್ದರೆ ಹೆಜ್ಜೆ ಮೂಡಿರುತ್ತದೆ. ನೀವು ಗೂಡಿನ ಬಾಯಲ್ಲೇ ನಿಂತರೆ ಅದು ಹೇಗೆ ತಾನೇ ಬಂದೀತು?

ಇನ್ನು ಎತ್ತಿಕೊಂಡು ಹೋದವರಿಗೆ ಸಾಕುವುದಾದರೂ ಗೊತ್ತೇ? ಆ ವಯಸ್ಸಿನ ಮರಿಗೆ ತನ್ನ ಮೈಯನ್ನು ತಾನೇ ಬೆಚ್ಚಗಿಟ್ಟುಕೊಳ್ಳಲು ಆಗುವುದಿಲ್ಲ. ತಾಯಿ ನೆಕ್ಕದಿದ್ದರೆ ಉಚ್ಚೆಯನ್ನೂ ಹೊಯ್ಯುವುದಿಲ್ಲ. ಎರಡು ಮೂರು ಗಂಟೆಗೊಮ್ಮೆ, ರಾತ್ರಿಯೂ ಎದ್ದು ಹಾಲು ಕುಡಿಸಬೇಕು. ಹಸುವಿನ ಹಾಲು ಕೊಟ್ಟರೆ ಭೇದಿ. ತಣ್ಣಗಾದ ಮರಿಗೆ ಮೈ ಬಿಸಿಯಾಗುವ ಮೊದಲೇ ಹಾಲು ಹಾಕಿದರೆ ಜೀವಕ್ಕೇ ಅಪಾಯ. ಇದನ್ನೆಲ್ಲ ಹೇಳಿ ವಾಪಸ್ ಇಡಿ ಎಂದರೆ, "ಮನುಷ್ಯರ ವಾಸನೆ ಹತ್ತಿದೆ, ಇನ್ನು ತಾಯಿ ಸೇರಿಸಲ್ಲ" ಎಂಬ ಉತ್ತರ ಬಂತು. ಈ ಮಾತು ಕೇಳಿ ಕೇಳಿ ಸಾಕಾಗಿದೆ. ಜಗಳವಾಡಿಯೇ ವಾಪಸ್ ಇಡಿಸಿದೆ. ತಾಯಿ ಒಂದೊಂದರ ಕತ್ತು ಕಚ್ಚಿ ಹಿಡಿದು ಬೇರೆ ಜಾಗಕ್ಕೆ ಸಾಗಿಸಿತು. ಯಾವ ವಾಸನೆಯೂ ಅದನ್ನು ತಡೆಯಲಿಲ್ಲ.

"ನಾಯಿ ಬಂದರೆ? ಗಾಡಿ ಹರಿದರೆ?" ಎನ್ನುತ್ತಾರೆ. ಅಪಾಯ ನಿಜವಾಗಿದ್ದರೆ ತಾಯಿ, ಮರಿ ಎಲ್ಲವನ್ನೂ ಒಟ್ಟಿಗೆ ಸುರಕ್ಷಿತ ಜಾಗಕ್ಕೆ ಸೇರಿಸಿ. ಮರಿ ಮಾತ್ರ ಉಳಿಯಲಿ, ತಾಯಿ ಏನಾದರೂ ಆಗಲಿ ಎನ್ನುವುದನ್ನು ನಾನು ಕರುಣೆ ಎಂದು ಒಪ್ಪುವುದಿಲ್ಲ.

ಹಾಗಂತ ಮರಿಗಳು ಮನುಷ್ಯರನ್ನು ಕಂಡರೆ ಬುಸುಗುಟ್ಟುತ್ತಲೇ ಬೆಳೆಯಲಿ ಎನ್ನುತ್ತಿಲ್ಲ. ಪಳಗಲು ಒಳ್ಳೆಯ ಕಾಲ ಎರಡರಿಂದ ಏಳನೆಯ ವಾರ. ತಾಯಿಯ ಜೊತೆ ಇರುವಾಗಲೇ ದಿನವೂ ಒಂದೇ ಹೊತ್ತಿಗೆ ಆಹಾರ ಇಟ್ಟು, ಸ್ವಲ್ಪ ದೂರದಲ್ಲಿ ಸದ್ದಿಲ್ಲದೆ ಕೂತಿರಿ. ತಾವೇ ತಿನ್ನಲು ಕಲಿತ ಮೇಲೆ ಮನೆಗೆ ತಂದು ಕೈಯಿಂದ ತಿನ್ನಿಸಿ, ಲಸಿಕೆ ಹಾಕಿಸಿ. ವಯಸ್ಸು ಮೀರಿದಷ್ಟೂ ಕಷ್ಟ. ಮನುಷ್ಯರ ಒಡನಾಟವೇ ಇಲ್ಲದೆ ದೊಡ್ಡದಾದ ತಾಯಿ ನಿಮ್ಮ ಮಡಿಲಿಗೆ ಬರುವುದು ಅಪರೂಪ. ಬರದಿದ್ದರೆ ಬೇಡ. ನಮ್ಮನ್ನು ಪ್ರೀತಿಸಿದರೆ ಮಾತ್ರ ಸಹಾಯ ಮಾಡುತ್ತೇವೆ ಎಂಬುದು ಯಾವ ನ್ಯಾಯ?

ಅದಕ್ಕೆ ಬೇಕಾದ ದೊಡ್ಡ ಸಹಾಯ ಸಂತಾನಹರಣ ಶಸ್ತ್ರಚಿಕಿತ್ಸೆ. ಎಲ್ಲರೂ ಮರೆಯುವುದೂ ಇದನ್ನೇ. ಮರಿಗಳು ಹಾಲು ಕುಡಿಯುತ್ತಿರುವಾಗಲೇ ತಾಯಿ ಮತ್ತೆ ಬೆದೆಗೆ ಬರಬಹುದು. ಗರ್ಭದ ಅವಧಿ ಸುಮಾರು ಒಂಬತ್ತು ವಾರ, ಅಷ್ಟೇ. ಹೆಣ್ಣುಮರಿಗಳು ನಾಲ್ಕೈದು ತಿಂಗಳಿಗೇ ಗರ್ಭ ಧರಿಸಬಲ್ಲವು. ಮರಿಗಳನ್ನಷ್ಟೇ ಒಯ್ದು ತಾಯಿಯನ್ನು ಬಿಟ್ಟರೆ, ಕೆಲವೇ ತಿಂಗಳಲ್ಲಿ ಅದೇ ಸವೆದ ದೇಹ ಮತ್ತೆ ಮರಿ ಹಾಕುತ್ತದೆ. ನೀವು ಮತ್ತೆ ಫೋಟೋ ಹಾಕುತ್ತೀರಿ.

"ತಾಯ್ತನ ಕಿತ್ತುಕೊಳ್ಳುವುದು ಪಾಪ" ಎಂದು ನನಗೆ ಬುದ್ಧಿ ಹೇಳಿದವರಿದ್ದಾರೆ. ಕಣ್ಣು ಬಿಡದ ಮರಿಗಳನ್ನು ತಾಯಿಯಿಂದ ಕಿತ್ತು ಒಯ್ಯುವಾಗ ಇವರು ಯಾರೂ ಆ ಮಾತು ಆಡಲಿಲ್ಲ.

ಮರಿಗಳು ಹಾಲು ಬಿಟ್ಟ ಮೇಲೆ, ಸುಮಾರು ಎಂಟು ವಾರಕ್ಕೆ, ತಾಯಿಯನ್ನು ಬೋನಿನಲ್ಲಿ ಹಿಡಿಯಬೇಕು. ಹಿಡಿದ ಕೂಡಲೇ ಬೋನಿನ ಮೇಲೆ ಬಟ್ಟೆ ಹೊದಿಸಿ. ಕತ್ತಲಾದರೆ ಬೆಕ್ಕು ಬೇಗ ಸುಮ್ಮನಾಗುತ್ತದೆ. ಅರಿವಳಿಕೆಯಲ್ಲಿರುವಾಗಲೇ ಕಿವಿಯ ತುದಿಯನ್ನು ಸ್ವಲ್ಪ ಕತ್ತರಿಸುತ್ತಾರೆ. ಅದೇ ಗುರುತು, ಮತ್ತೊಮ್ಮೆ ಯಾರೂ ಹಿಡಿಯದಿರಲಿ ಎಂದು. ಚೇತರಿಸಿಕೊಂಡ ಮೇಲೆ ಅದರ ಜಾಗಕ್ಕೇ ಬಿಡಬೇಕು. ಮರಿಗಳೂ ಸುಮಾರು ಒಂದು ಕಿಲೋ ತೂಗಿದರೆ ಅವಕ್ಕೂ ಮಾಡಿಸಬಹುದು.

ಬೋನು ಇದ್ದವರು, ಇದಕ್ಕೆ ಜೊತೆಗೆ ಬರುವವರು ದಯವಿಟ್ಟು ಇನ್‌ಬಾಕ್ಸ್‌ಗೆ ಬನ್ನಿ. ಮರಿಗಳನ್ನು ದತ್ತು ಕೇಳುವವರು ಆಗಲೇ ಸಾಕಷ್ಟು ಜನ ಇದ್ದಾರೆ. ನಾನು ಕೇಳುತ್ತಿರುವುದು ತಾಯಿಗಾಗಿ.