ಎರಡನೇ ಕಣ್ಣು

2024ರ ಶಿವರಾತ್ರಿ ಮಾರ್ಚ್ 8ಕ್ಕೆ, ಶುಕ್ರವಾರ ಬಂತು. ಮಾರನೇ ದಿನ ಎರಡನೇ ಶನಿವಾರ. ಅದರ ಮಾರನೇ ದಿನ ಹೇಗೂ ಭಾನುವಾರ. ನನ್ನಂಥ ಗುಮಾಸ್ತನಿಗೆ ಇಂಥ ಮೂರು ದಿನ ಒಟ್ಟಿಗೆ ಸಿಗುವುದು ಅಪರೂಪ. ಹೊಸ ಕ್ಯಾಲೆಂಡರ್ ಗೋಡೆಗೆ ಹಾಕುವ ಮೊದಲೇ ನಾನು ಮಾರ್ಚ್ ಹಾಳೆ ತಿರುವಿ ನೋಡಿಕೊಂಡಿದ್ದೆ. ಮೂರು ದಿನವೂ ಮಲಗಿರಬೇಕು ಅನ್ನೋದು ನನ್ನ ಲೆಕ್ಕ.

ಹೆಂಡತಿಯ ಲೆಕ್ಕ ಬೇರೆ ಇತ್ತು. "ತುಮಕೂರಲ್ಲಿ ಏನೂ ನಡೆಯಲ್ಲ, ಎಲ್ಲಾ ಬೆಂಗಳೂರಲ್ಲೇ ಅಂತ ವರ್ಷ ಪೂರ್ತಿ ಗೊಣಗ್ತೀರಲ್ಲ. ಈಗ ನಡೀತಿದೆ. ಮೂರು ದಿನಾನೂ ನಡೀತಿದೆ. ಬನ್ನಿ" ಎಂದಳು.

ಗೊಣಗುವುದು ನಿಜ. ಬೆಂಗಳೂರಿಗೆ ಎಪ್ಪತ್ತು ಕಿಲೋಮೀಟರ್ ದೂರದಲ್ಲಿ ಇರುವವರಿಗೆಲ್ಲ ಇರುವ ಕಾಯಿಲೆ ಅದು. ಅಲ್ಲಿ ನಡೆಯುವುದು ಪೂರ್ತಿ ಗೊತ್ತಾಗುತ್ತದೆ, ಹೋಗಲು ಮಾತ್ರ ಆಗುವುದಿಲ್ಲ.

ಶುಕ್ರವಾರ ರಾತ್ರಿ ನಮ್ಮ ಬಡಾವಣೆಯ ಪಾರ್ಕಿನಲ್ಲಿ ಜಾಗರಣೆ. ಮೊದಲು ಮಹಿಳೆಯರ ಭಜನೆ, ಆಮೇಲೆ ಕರೋಕೆ, ಆಮೇಲೆ ದೊಡ್ಡ ಪರದೆ ಮೇಲೆ ಸಿನಿಮಾ. ಸಂಘದ ಕಾರ್ಯದರ್ಶಿಗಳು ಸಂಜೆ ನಾಲ್ಕಕ್ಕೆ ಮನೆಗೆ ಬಂದರು. "ಸಾರ್, ನಿಮ್ಮ ಹತ್ರ ಲ್ಯಾಪ್‌ಟಾಪ್ ಇದೆಯಂತೆ?" ಇದೆ ಅಂದೆ. ಅದೊಂದು ತಪ್ಪು. "ಹಂಗಾದ್ರೆ ಸಿನಿಮಾ ಜವಾಬ್ದಾರಿ ನಿಮ್ದೇ" ಅಂದರು. ಆಯ್ತು ಅಂದೆ. ಇದು ಎರಡನೇ ತಪ್ಪು. ಪೆನ್‌ಡ್ರೈವ್ ಕೈಗಿಟ್ಟು ಹೋದರು.

ಸಿನಿಮಾ 'ಬೇಡರ ಕಣ್ಣಪ್ಪ'. ಶಿವರಾತ್ರಿಗೆ ಇದನ್ನು ಬಿಟ್ಟು ಬೇರೆ ಯಾವುದು ಹಾಕುತ್ತಾರೆ ಹೇಳಿ. 1954ರದ್ದು. ರಾಜ್‌ಕುಮಾರ್ ಮೊದಲ ಸಲ ನಾಯಕರಾಗಿದ್ದು ಇದರಲ್ಲೇ. ಅವರು ಗುಬ್ಬಿ ಕಂಪನಿಯಲ್ಲಿ ಬಣ್ಣ ಹಚ್ಚಿದವರು, ಸಿನಿಮಾ ತೆಗೆದದ್ದರಲ್ಲೂ ಗುಬ್ಬಿ ವೀರಣ್ಣನವರ ಕೈ ಇತ್ತು. ಗುಬ್ಬಿ ನಮಗೆ ಇಪ್ಪತ್ತೇ ಕಿಲೋಮೀಟರ್. ಹಾಗಾಗಿ ಆ ಚಿತ್ರ ನಮ್ಮ ಮನೆಯದೇ ಅನ್ನೋ ಹಾಗೆ ನಾವೆಲ್ಲ ಮಾತಾಡುತ್ತೇವೆ.

ಶಿವರಾತ್ರಿಗೆ ಚಳಿ "ಶಿವ ಶಿವಾ" ಅಂತ ಓಡಿಹೋಗುತ್ತದೆ ಅನ್ನುತ್ತಾರೆ. ನನ್ನ ಹೆಂಡತಿ ಈ ಮಾತನ್ನು ನಂಬುವುದಿಲ್ಲ. ಸ್ವೆಟರು, ಮಫ್ಲರು, ಮಂಕಿ ಕ್ಯಾಪು ಎಲ್ಲ ಹಾಕಿಸಿ ಕಳಿಸಿದಳು. ಪಾರ್ಕಿನಲ್ಲಿ ನೋಡಿದರೆ ಮಕ್ಕಳೆಲ್ಲ ಬನಿಯನ್ನಿನಲ್ಲಿ ಓಡಾಡುತ್ತಿದ್ದಾರೆ. ನಾನೊಬ್ಬನೇ ಕೇದಾರನಾಥಕ್ಕೆ ಹೊರಟವನ ಹಾಗೆ ಬೆವರುತ್ತಾ ಪ್ರೊಜೆಕ್ಟರ್ ಪಕ್ಕ ನಿಂತಿದ್ದೆ.

ಭಜನೆ ಚೆನ್ನಾಗಿ ಆಯಿತು. ಕರೋಕೆಯ ಬಗ್ಗೆ ಜಾಸ್ತಿ ಹೇಳುವುದಿಲ್ಲ. ನಿವೃತ್ತ ಮೇಷ್ಟ್ರೊಬ್ಬರು ಹಾಡುತ್ತಿದ್ದಾಗ ಅವರ ಮೊಬೈಲಿಗೆ ಕಾಲ್ ಬಂದು ಟ್ರ್ಯಾಕ್ ನಿಂತುಹೋಯಿತು. ಅವರು ನಿಲ್ಲಲಿಲ್ಲ. ಟ್ರ್ಯಾಕ್ ಮತ್ತೆ ಶುರುವಾದಾಗ ಅದು ಚರಣದಲ್ಲಿತ್ತು, ಇವರು ಪಲ್ಲವಿಯಲ್ಲಿದ್ದರು. ಕೊನೆವರೆಗೂ ಇಬ್ಬರೂ ರಾಜಿಯಾಗಲಿಲ್ಲ.

ಹನ್ನೊಂದಕ್ಕೆ ಸಿನಿಮಾ ಹಾಕಿದೆ. ತಂಬಿಟ್ಟು, ಪಾನಕ, ಕೋಸಂಬರಿ ಹಂಚಿಕೆ ಮುಗಿದಿತ್ತು. ನೂರು ಜನ ಚಾಪೆ ಹಾಸಿಕೊಂಡು ಕೂತಿದ್ದರು. ಎಲ್ಲರಿಗಿಂತ ಮುಂದೆ ನಮ್ಮ ಎದುರು ಮನೆಯ ಅಜ್ಜಿ, ಪ್ಲಾಸ್ಟಿಕ್ ಕುರ್ಚಿಯಲ್ಲಿ. ಅಜ್ಜಿ ಈ ಸಿನಿಮಾವನ್ನು ಟೆಂಟಿನಲ್ಲಿ ನೋಡಿದವರು. "ಆಗ ಮರಳಿನ ಮೇಲೆ ಕೂತು ನೋಡಿದ್ದೆ ಕಣಪ್ಪ. ಸಾಯೋದ್ರೊಳಗೆ ಇನ್ನೊಂದ್ಸಲ ದೊಡ್ಡ ಪರದೇಲಿ ನೋಡ್ಬೇಕು ಅಂತಿತ್ತು" ಎಂದು ನನ್ನ ಕೈ ಹಿಡಿದು ಹೇಳಿದರು. ಕತ್ತಲೆ, ಪ್ರೊಜೆಕ್ಟರ್ ಬೆಳಕು, ಪರದೆ ಮೇಲೆ ರಾಜಣ್ಣ. ಒಬ್ಬರೂ ಕೆಮ್ಮಲಿಲ್ಲ. ಇಂಥ ರಾತ್ರಿಗೆ ಬೆಂಗಳೂರು ಯಾಕೆ ಬೇಕು ಅಂತ ನನಗೇ ಅನ್ನಿಸಿತು.

ಮಧ್ಯದಲ್ಲಿ ಕಾರ್ಯದರ್ಶಿಗಳು ಬಂದು ಕಿವಿಯಲ್ಲಿ, "ಸಾರ್, ಆ ಸೀರಿಯಲ್ ಸೆಟ್ ಮಿಣಮಿಣ ಅಂತ ಕಣ್ಣಿಗೆ ಹೊಡೀತಿದೆ, ಪ್ಲಗ್ ತೆಗೀರಿ" ಅಂದರು. ಎಕ್ಸ್‌ಟೆನ್ಷನ್ ಬೋರ್ಡಿನಲ್ಲಿ ಆರು ಪ್ಲಗ್ ಇದ್ದವು. ಕತ್ತಲೆಯಲ್ಲಿ ಒಂದನ್ನು ಎಳೆದೆ. ದೀಪ ಆರಲಿಲ್ಲ. ಇನ್ನೊಂದನ್ನು ಎಳೆದೆ. ಆರಿತು. ಮೊದಲು ಎಳೆದದ್ದು ಯಾವುದು ಅಂತ ನಾನು ಆಗ ಯೋಚಿಸಲಿಲ್ಲ.

ಕಥೆ ನಿಮಗೆ ಗೊತ್ತೇ ಇದೆ. ಲಿಂಗದ ಕಣ್ಣಲ್ಲಿ ರಕ್ತ. ಕಣ್ಣಪ್ಪ ತನ್ನ ಒಂದು ಕಣ್ಣು ಕೊಟ್ಟಾಯಿತು. ಈಗ ಲಿಂಗದ ಎರಡನೇ ಕಣ್ಣಲ್ಲೂ ರಕ್ತ. ಹೆಂಗಸರು ಸೆರಗಿನಿಂದ ಕಣ್ಣೊರೆಸುತ್ತಿದ್ದರು. ಅಜ್ಜಿ ಕೈ ಮುಗಿದು ಕೂತಿದ್ದರು. ಆಗ ಪರದೆ ಕಪ್ಪಾಯಿತು.

ಒಂದು ಕ್ಷಣ ಎಲ್ಲರೂ ಸುಮ್ಮನಿದ್ದರು. ಕಣ್ಣಪ್ಪನಿಗೆ ಕಣ್ಣು ಹೋದದ್ದರಿಂದ ನಮಗೂ ಕಾಣುತ್ತಿಲ್ಲ, ಇದು ನಿರ್ದೇಶಕರ ಕೈಚಳಕ ಅಂತ ಕೆಲವರು ಅಂದುಕೊಂಡರಂತೆ. ಆಮೇಲೆ ಹಿಂದಿನಿಂದ ಯಾರೋ ಕೂಗಿದರು. "ಸಾರ್, ಇನ್ನೊಂದು ಕಣ್ಣು!"

ಬ್ಯಾಟರಿ ಸತ್ತಿತ್ತು. ಮೊಬೈಲ್ ಟಾರ್ಚಿನಲ್ಲಿ ಚಾರ್ಜರ್ ಪ್ಲಗ್ ಹುಡುಕಿ ಸಿಕ್ಕಿಸಿ ಲ್ಯಾಪ್‌ಟಾಪ್ ಆನ್ ಮಾಡಿದೆ. ಪರದೆ ಮೇಲೆ ನೀಲಿ ಬೆಳಕು ಬಂತು. ಜನ ಚಪ್ಪಾಳೆ ಹೊಡೆದರು. ನೀಲಿ ಬೆಳಕಿನ ಮಧ್ಯೆ ಬಿಳಿ ಅಕ್ಷರ: ಅಪ್‌ಡೇಟ್ ಆಗುತ್ತಿದೆ, ಕಂಪ್ಯೂಟರ್ ಆಫ್ ಮಾಡಬೇಡಿ, 3%.

ಹತ್ತು ಅಡಿ ಪರದೆ ಮೇಲೆ ಆ ಶೇಕಡಾ ಮೂರು ನೋಡುವುದಿದೆಯಲ್ಲ, ಅದು ಬೇರೆಯೇ ಅನುಭವ. ನೂರು ಜನ ಜಾಗರಣೆಯಲ್ಲಿ ಅದನ್ನೇ ನೋಡುತ್ತಾ ಕೂತರು. ಶೇಕಡಾ ಹನ್ನೊಂದಾಯಿತು. ಮಕ್ಕಳು ಜೋರಾಗಿ ಎಣಿಸತೊಡಗಿದರು. ಇಪ್ಪತ್ತೇಳಕ್ಕೆ ಬಂದು ನಿಂತಿತು. ನಿಂತೇ ಇತ್ತು. ಒಂದು ಮಗು "ಅಂಕಲ್, ಇದು ಎಷ್ಟಕ್ಕೆ ಔಟ್?" ಅಂತ ಕೇಳಿತು. ಮೂರು ಗಂಟೆಗೆ ಚಾಪೆಗಳು ಒಂದೊಂದಾಗಿ ಎದ್ದವು. ಕೊನೆಗೆ ನಾನು, ಕಾರ್ಯದರ್ಶಿಗಳು, ಅಜ್ಜಿ ಮೂವರೇ ಉಳಿದೆವು.

"ಅಜ್ಜಿ, ಕೊನೆ ನಿಮಗೆ ಗೊತ್ತಲ್ವಾ? ಶಿವ ಬಂದು ಕಣ್ಣು ವಾಪಸ್ ಕೊಡ್ತಾನೆ" ಅಂದೆ.

"ನಂಗೊತ್ತು ಕಣಪ್ಪ. ನೀನು ಕೊಡಲಿಲ್ವಲ್ಲ" ಅಂದರು.

ಶನಿವಾರ ಬೇಗ ಮುಗಿಸುತ್ತೇನೆ. ಬೆಳಿಗ್ಗೆ ಕ್ಯಾತ್ಸಂದ್ರದಲ್ಲಿ ತಟ್ಟೆ ಇಡ್ಲಿ ತಿಂದು ಉಪವಾಸ ಬಿಟ್ಟೆವು. ಅಲ್ಲಿಂದ ಸಿದ್ಧಗಂಗೆ ಜಾತ್ರೆ, ಶಿವರಾತ್ರಿ ಮಾರನೇ ದಿನದ ತೇರು. ದನಗಳ ಜಾತ್ರೆಯಲ್ಲಿ ಹಳ್ಳಿಕಾರ್ ಎತ್ತುಗಳನ್ನು ನೋಡಿದೆವು. ಅವು ನಮಗಿಂತ ಚೆನ್ನಾಗಿ ಸಿಂಗಾರ ಮಾಡಿಕೊಂಡಿದ್ದವು. ನನ್ನ ಹೆಂಡತಿ ನನ್ನ ಮೊಬೈಲಿನಲ್ಲಿ ತೇರಿನ ಮುಂದೆ ಸೆಲ್ಫಿ ತೆಗೆದಳು. ನಾನು ಬಾಳೆಹಣ್ಣಿಗೆ ದವನ ಸಿಕ್ಕಿಸಿ ಕಳಸಕ್ಕೆ ಗುರಿಯಿಟ್ಟು ಎಸೆದೆ. ನಿದ್ದೆಗೆಟ್ಟ ಕೈ. ಹಣ್ಣು ಹೋಗಿ ಓಲಗದವರೊಬ್ಬರ ಹೆಗಲ ಮೇಲೆ ಬಿತ್ತು. ಅವರು ಒಂದೇ ಕಣ್ಣು ತಿರುಗಿಸಿ ನನ್ನನ್ನು ನೋಡಿದರು. ಬಾಯಿಂದ ವಾದ್ಯ ತೆಗೆಯಲಿಲ್ಲ, ಶ್ರುತಿ ಬಿಡಲಿಲ್ಲ. ಕಲಾವಿದ ಅಂದರೆ ಅವರು. ನಾನು ತಲೆ ತಗ್ಗಿಸಿ ಹಿಂದೆ ಸರಿದೆ. ಅಷ್ಟರಲ್ಲಿ ತೇರು ಹೊರಟಿತು, ಜನ ನುಗ್ಗಿದರು, ಯಾರದೋ ಮೊಣಕೈ ತಗುಲಿ ನನ್ನ ಕನ್ನಡಕ ಕೆಳಗೆ ಬಿತ್ತು. ಎತ್ತಿಕೊಂಡಾಗ ಎಡಗಡೆ ಗಾಜು ಇರಲಿಲ್ಲ.

"ಒಂದು ಕಣ್ಣು ಸ್ವಾಮಿಗೆ ಅರ್ಪಣೆ ಆಯ್ತು ಬಿಡಿ" ಅಂದಳು ಹೆಂಡತಿ.

ಭಾನುವಾರ ನನ್ನ ಬಾಮೈದನ ನಾಟಕ. ನಮ್ಮ ಜಿಲ್ಲೆಯ ಗಂಡಸು ಜೀವನದಲ್ಲಿ ಒಂದು ಸಲವಾದರೂ ಕುರುಕ್ಷೇತ್ರ ಆಡಬೇಕು ಅಂತ ಎಲ್ಲೂ ಬರೆದಿಲ್ಲ. ಬರೆಯದೆಯೇ ಪಾಲಿಸುತ್ತಾರೆ. ಟೀಚರು, ಡ್ರೈವರು, ಕೊಬ್ಬರಿ ವ್ಯಾಪಾರಿ ಎಲ್ಲರೂ ಹಾರ್ಮೋನಿಯಂ ಮೇಷ್ಟ್ರ ಮುಂದೆ ತಿಂಗಳುಗಟ್ಟಲೆ ಕೂತು ಕಂದಪದ್ಯ ಕಲಿಯುತ್ತಾರೆ. ಇಲ್ಲಿ ಪಾತ್ರ ಮಾಡಿದವರಿಗೆ ದುಡ್ಡು ಕೊಡುವುದಿಲ್ಲ, ಪಾತ್ರ ಬೇಕಾದವರೇ ದುಡ್ಡು ಹಾಕಬೇಕು. ದುರ್ಯೋಧನನಿಗೆ ಜಾಸ್ತಿ. ಸೈನಿಕನಿಗೆ ಕಮ್ಮಿ. ಕೃಷ್ಣನಾಗುವ ಆಸೆ ಬಹಳ ಜನಕ್ಕೆ ಇರುವುದರಿಂದ ಆ ಪಾತ್ರವನ್ನು ಸೈಟಿನ ಹಾಗೆ ಭಾಗ ಮಾಡುತ್ತಾರೆ. ನನ್ನ ಬಾಮೈದ ಎರಡನೇ ಕೃಷ್ಣ. ಮೊದಲನೇ ಕೃಷ್ಣ ದಪ್ಪಗೆ, ಕುಳ್ಳಗೆ. ಎರಡನೆಯವನು ಬರುವ ಹೊತ್ತಿಗೆ ಪರಮಾತ್ಮ ಒಂದು ಅಡಿ ಎತ್ತರವಾಗಿ ಹತ್ತು ಕೆಜಿ ಇಳಿದಿರುತ್ತಾನೆ. ಯಾರೂ ಪ್ರಶ್ನೆ ಮಾಡುವುದಿಲ್ಲ. ಅವತಾರ ತಾನೇ.

ಜಾಗ ಗುಬ್ಬಿ ವೀರಣ್ಣ ಕಲಾಕ್ಷೇತ್ರ. 1884ರಲ್ಲಿ ಶುರುವಾದ ಗುಬ್ಬಿ ಕಂಪನಿಯನ್ನು ಬೆಳೆಸಿದ ಆ ಪುಣ್ಯಾತ್ಮರು ಕುರುಕ್ಷೇತ್ರ ನಾಟಕಕ್ಕೆ ನಿಜವಾದ ಆನೆ ಕುದುರೆಗಳನ್ನೇ ರಂಗಕ್ಕೆ ತಂದವರು. ಅವರ ಆನೆ ನಡೆಯಿತು, ನನ್ನ ಲ್ಯಾಪ್‌ಟಾಪ್ ನಡೆಯಲಿಲ್ಲ. ಬಾಗಿಲಲ್ಲಿ ಅವರ ಹೆಸರು ನೋಡಿದಾಗ ಸ್ವಲ್ಪ ನಾಚಿಕೆಯೇ ಆಯಿತು.

ಹೆಂಡತಿ ಮಹಿಳೆಯರ ಸಾಲಿನಲ್ಲಿ ಕೂರುವ ಮೊದಲು ಒಂದೇ ಕೆಲಸ ಹೇಳಿದಳು. "ರೀ, ನನ್ನ ತಮ್ಮಂದು ಪೂರ್ತಿ ವಿಡಿಯೋ ಮಾಡ್ಕೊಳ್ಳಿ. ಊರಲ್ಲಿ ಅಮ್ಮಂಗೆ ತೋರಿಸ್ಬೇಕು. ಇದೊಂದನ್ನಾದ್ರೂ ಸರಿಯಾಗಿ ಮಾಡಿ."

ಮಧ್ಯಾಹ್ನ ಊಟ ಆಗಿ ಒಂದು ಗಂಟೆಯಾದ ಮೇಲೆ ಎರಡನೇ ಕೃಷ್ಣನ ಪ್ರವೇಶ. ಒಂಟಿ ಗಾಜಿನ ಕನ್ನಡಕ ಹಾಕಿದರೆ ತಲೆ ಸುತ್ತುತ್ತಿತ್ತು, ತೆಗೆದು ಜೇಬಿಗೆ ಹಾಕಿಕೊಂಡಿದ್ದೆ. ದೂರದ್ದು ನನಗೆ ಚೆನ್ನಾಗಿ ಕಾಣುತ್ತದೆ, ಹತ್ತಿರದ್ದು ಮಾತ್ರ ಮಸುಕು. ಮೊಬೈಲನ್ನು ಎರಡೂ ಕೈಯಲ್ಲಿ ಎತ್ತಿ ಹಿಡಿದೆ. ಕೆಂಪು ಗುಂಡಿ ಒತ್ತಿದೆ. ಪರದೆ ಮೇಲೆ ಏನೋ ದುಂಡಗೆ ಅಲುಗಾಡುತ್ತಿತ್ತು. ಕೃಷ್ಣನೇ ಇರಬೇಕು ಅಂದುಕೊಂಡೆ.

ಬಾಮೈದ ಚೆನ್ನಾಗಿ ಹಾಡಿದ. ಸುಳ್ಳಲ್ಲ. ಹಾರ್ಮೋನಿಯಂ ಮೇಷ್ಟ್ರು ಒಂದು ಸ್ವರ ಹಿಡಿದು ನಿಲ್ಲಿಸಿದರೆ ಇವನು ಅದನ್ನು ಹತ್ತಿ ಇಳಿದು ಮತ್ತೆ ಹತ್ತುತ್ತಿದ್ದ. ಅವನ ಸ್ನೇಹಿತರು ಇಪ್ಪತ್ತು ಜನ ಬಂದಿದ್ದರು, "ಒನ್ಸ್ ಮೋರ್" ಕೂಗುವುದಕ್ಕೆಂದೇ. ಅವರು ಕೂಗಿದಾಗ ಇವನು ಮತ್ತೆ ಮೊದಲಿಂದ ಹಾಡಿದ. ಅರ್ಜುನ ಪಾಪ ಮಂಡಿಯೂರಿ ಕಾಯುತ್ತಿದ್ದ. ಮೂರನೇ ಒನ್ಸ್ ಮೋರಿಗೆ ಅವನು ಮಂಡಿ ಬದಲಾಯಿಸಿದ. ನನಗೆ ಎರಡು ರಾತ್ರಿಯ ನಿದ್ದೆ, ಹೊಟ್ಟೆಯಲ್ಲಿ ಪಾಯಸ, ಮೇಲೆ ಫ್ಯಾನು. ಆದರೂ ಕೈ ಇಳಿಸಲಿಲ್ಲ.

ಸೋಮವಾರ ರಾತ್ರಿ ನಮ್ಮ ಮನೆಯಲ್ಲಿ ಪ್ರದರ್ಶನ. ಬಾಮೈದ ಬಂದಿದ್ದ, ಕಿವಿ ಹಿಂದೆ ಇನ್ನೂ ಬಣ್ಣ ಇತ್ತು. ಊರಿಂದ ಅತ್ತೆ ಬಂದಿದ್ದರು. ಎದುರು ಮನೆಯ ಅಜ್ಜಿಯನ್ನು ಹೆಂಡತಿಯೇ ಕರೆದುಕೊಂಡು ಬಂದಳು, ಶುಕ್ರವಾರದ ಪಾಪ ಸ್ವಲ್ಪ ಕಳೆಯಲಿ ಅಂತ. ಬಾಮೈದ ಮೊಬೈಲನ್ನು ಟಿವಿಗೆ ಹೊಂದಿಸಿದ. ಎಲ್ಲರೂ ಕೂತೆವು.

ಟಿವಿ ತುಂಬ ನನ್ನ ಮುಖ.

ಹಿಂದಿನಿಂದ ಹಾರ್ಮೋನಿಯಂ. ಅದರ ಮೇಲೆ ಬಾಮೈದನ ಕಂದ, ಸ್ಪಷ್ಟವಾಗಿ, ಗಂಭೀರವಾಗಿ. ಮುಂದೆ ನಾನು, ಬಾಯಿ ಅರ್ಧ ತೆರೆದು, ಮೂಗಿನ ಹೊಳ್ಳೆಗಳ ಸಮೇತ. ಸೆಲ್ಫಿ ತೆಗೆದ ಮೇಲೆ ಕ್ಯಾಮೆರಾ ತಿರುಗಿಸಬೇಕು ಅಂತ ನನ್ನ ಹೆಂಡತಿಗೂ ಹೊಳೆದಿರಲಿಲ್ಲ, ಅದನ್ನು ಆ ಹೊತ್ತಿನಲ್ಲಿ ಹೇಳುವ ಧೈರ್ಯ ನನಗೂ ಬರಲಿಲ್ಲ. ನಿಲ್ಲಿಸಲು ರಿಮೋಟ್ ಹುಡುಕಿದೆ. ಅತ್ತೆ ಅದರ ಮೇಲೆ ಕೂತಿದ್ದರು. "ಇರಲಿ ಬಿಡಿ, ಹಾಡು ಕೇಳುತ್ತಲ್ಲ" ಅಂದರು. ಅಳಿಯನ ಮುಖವನ್ನು ಅವರು ಅಷ್ಟು ಹೊತ್ತು ನೋಡಿದ್ದು ಮದುವೆಯಲ್ಲೂ ಇಲ್ಲ.

ಐದನೇ ನಿಮಿಷಕ್ಕೆ ನನ್ನ ಕಣ್ಣು ಸಣ್ಣಗಾಯಿತು. ಎಂಟನೇ ನಿಮಿಷಕ್ಕೆ ಬಾಯಿ ದೊಡ್ಡದಾಯಿತು.

"ಭಾವ," ಬಾಮೈದ ನಿಧಾನವಾಗಿ ಕೇಳಿದ, "ನಾನು ಆ ಕಂದ ಎತ್ತಿದಾಗ ನೀವು ಆಕಳಿಸಿದ್ರಾ?"

"ಇಲ್ಲ ಕಣೋ, ಭಾವುಕನಾದೆ."

ಹದಿನಾಲ್ಕನೇ ನಿಮಿಷಕ್ಕೆ ಎಡಗಣ್ಣು ಪೂರ್ತಿ ಮುಚ್ಚಿತು. ಬಲಗಣ್ಣು ಇನ್ನೂ ಹೋರಾಡುತ್ತಿತ್ತು. ಅದು ಇಳಿಯಿತು, ಎದ್ದಿತು, ಮತ್ತೆ ಇಳಿಯಿತು. ಕೋಣೆಯಲ್ಲಿ ಯಾರೂ ಉಸಿರೆತ್ತಲಿಲ್ಲ. ಅಜ್ಜಿ ಕುರ್ಚಿಯ ಅಂಚಿಗೆ ಬಂದಿದ್ದರು. ಹಿಂದೆ ಬಾಮೈದ ಕೊನೆಯ ಸಾಲನ್ನು ಮೇಲಕ್ಕೆತ್ತಿದ, ಇನ್ನೇನು ಇಳಿಸಬೇಕು.

ಟಿವಿ ಕಪ್ಪಾಯಿತು. ಮೊಬೈಲಿನಲ್ಲಿ ಜಾಗ ತುಂಬಿ ರೆಕಾರ್ಡಿಂಗ್ ಅಲ್ಲಿಗೇ ನಿಂತಿತ್ತು.

ಅಜ್ಜಿ ನನ್ನ ಕಡೆ ತಿರುಗಿದರು. "ಅಲ್ಲಪ್ಪಾ, ಇದರಲ್ಲೂ ಎರಡನೇ ಕಣ್ಣು ತೋರಿಸಲಿಲ್ವಲ್ಲ."